ಕೋವಿಯ ಒದೆತ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ನನ್ನ ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಅವಳ ಸಂಸಾರವಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಅಲ್ಲಿ ನವೆಂಬರ್ ಕೊನೆಗೆ ಜಿಂಕೆ ಬೇಟೆಯ ಕಾಲ ಆರಂಭವಾಗುತ್ತದೆ. ನೆರೆಮನೆಯ ಗೃಹಸ್ಥರು ತಮ್ಮ ಮಗನೊಡನೆ ನನ್ನ ಮೊಮ್ಮಗನನ್ನೂ ಬೇಟೆಗೆ ಕರೆದೊಯ್ಯಲು ಅನುಮತಿ ಕೇಳಿದ್ದರಂತೆ. ಹುಡುಗನಿಗೆ ಹನ್ನೊಂದು ವರ್ಷ. ಅವನು ಹಟ ಹಿಡಿದಿದ್ದಾನೆ. “ಅಪ್ಪ, ನೀವು ಕೊಡಗಿನವರು, ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ನಾನು ಏನು ಹೇಳಲಿ?” ಎಂದಳು. ನಾಳೆ ಹೇಳುತ್ತೇನೆ ಎಂದು ಫೋನು ಕೆಳಗಿಟ್ಟೆ. ಆ ರಾತ್ರಿ ನಾನು ಯೋಚಿಸಿದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕೊಡವರ ಮನೆಗಳಲ್ಲಿ ಕೋವಿ ಹೊಸ ವಸ್ತುವಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು ಹಾರಿಸಿ ಊರಿಗೆ ತಿಳಿಸುವುದು, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಮಗುವಿನ ಕೈಗೆ ಮುಟ್ಟಿಸುವುದು ಹಿಂದಿನಿಂದ ಬಂದ ಪದ್ಧತಿ. ನಾಟಿ ಮುಗಿದು ಸೆಪ್ಟೆಂಬರಿನಲ್ಲಿ ಬರುವ ಕೈಲು ಮುಹೂರ್ತದ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಸಾಲಾಗಿ ಇರಿಸಿ, ತೋಕ್ ಪೂ ಎಂಬ ಕೆಂಪು ಹಳದಿಯ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಅನಂತರ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಇಂಥ ಕಡೆ ಹುಡುಗನಿಗೆ ಕೋವಿ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಯಾವ ಕೋವಿ ಕೊಡಬೇಕು ಎಂಬ ಪ್ರಶ್ನೆಯನ್ನೂ ನನ್ನ ಬಾಲ್ಯದಲ್ಲಿ ಯಾರೂ ಕೇಳಲಿಲ್ಲ. ಮನೆಯಲ್ಲಿದ್ದುದು ಹನ್ನೆರಡು ಬೋರಿನ ಜೋಡುನಳಿಗೆ ಕೋವಿ. ಅದನ್ನೇ ಕೊಟ್ಟರು.

ಅದು 1962ನೆಯ ಇಸವಿ. ನನಗೆ ಹನ್ನೆರಡು ವರ್ಷ. ಹಬ್ಬದ ದಿನ ದೊಡ್ಡಪ್ಪ ಕೋವಿಯನ್ನು ನನ್ನ ಕೈಗಿತ್ತು ತೆಂಗಿನಕಾಯಿಯತ್ತ ತೋರಿಸಿದರು. ಹಿಡಿ ನನ್ನ ತೋಳಿಗೆ ಉದ್ದವಾಗಿತ್ತು. ಹಿಂದಕ್ಕೆ ಬಾಗಿ, ಹೇಗೋ ಎತ್ತಿ ಹಿಡಿದು ಟ್ರಿಗರ್ ಎಳೆದೆ. ಕಿವಿಯಲ್ಲಿ ಸಿಡಿಲು ಹೊಡೆದಂತಾಯಿತು. ಯಾರೋ ಒನಕೆಯಿಂದ ಭುಜಕ್ಕೆ ತಿವಿದಂತಾಯಿತು. ನಾನು ಅಂಗಳದಲ್ಲಿ ಕುಳಿತಿದ್ದೆ. ಎಲ್ಲರೂ ನಕ್ಕರು. ಅದು ಕುಹಕದ ನಗೆಯಲ್ಲ. ತಮಗೆಲ್ಲ ಆಗಿದ್ದೇ ಇವನಿಗೂ ಆಯಿತೆಂಬ ಪ್ರೀತಿಯ ನಗೆ. ಭುಜದ ಮೇಲಿನ ನೀಲಿ ಕಲೆ ಎರಡು ವಾರ ಉಳಿಯಿತು. ಆ ಕಲೆಯನ್ನು ನಾನು ಶಾಲೆಯಲ್ಲಿ ಹೆಮ್ಮೆಯಿಂದ ತೋರಿಸಿದ್ದೂ ಉಂಟು.

ಅದೇ ವರ್ಷದ ಚಳಿಗಾಲದಲ್ಲಿ ನನ್ನನ್ನು ಬೇಟೆಗೆ ಕರೆದೊಯ್ದರು. ಅಂದು ಬೇಟೆಗೆ ಇಂದಿನ ನಿಷೇಧವಿರಲಿಲ್ಲ. ಹಳು ಸೋವುವವರು ಕೂಗುತ್ತ ಒಂದು ಕಡೆಯಿಂದ ಬಂದರು. ಕೋವಿಗಾರರು ಇನ್ನೊಂದು ಕಡೆ ಮರಗಳ ಮರೆಯಲ್ಲಿ ನಿಂತಿದ್ದರು. ನನ್ನ ಎದುರಿಗೆ, ಇಪ್ಪತ್ತು ಮಾರು ದೂರದಲ್ಲಿ, ಒಂದು ಕಾಡುಕುರಿ ಬಂದು ನಿಂತಿತು. ಸುಲಭವಾದ ಗುರಿ. ನಾನು ಕೋವಿ ಎತ್ತಿದೆ. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಹಬ್ಬದ ದಿನದ ಏಟು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಟ್ರಿಗರನ್ನು ಜಗ್ಗಿದೆ. ಕಣ್ಣು ಬಿಟ್ಟಾಗ ಪ್ರಾಣಿ ಇರಲಿಲ್ಲ. ತರಗೆಲೆಗಳ ಮೇಲೆ ರಕ್ತವಿತ್ತು. ಕತ್ತಲಾಗುವವರೆಗೆ ಹುಡುಕಿದೆವು. ತೊರೆಯ ಹತ್ತಿರ ರಕ್ತದ ಜಾಡು ನಿಂತುಹೋಯಿತು. “ಗುರಿ ನೋಡಿ ಹೊಡೆದೆಯಾ?” ಎಂದು ದೊಡ್ಡಪ್ಪ ಒಂದೇ ಮಾತು ಕೇಳಿದರು. “ನೋಡಿದ್ದೆ” ಎಂದೆ. ಕಣ್ಣು ಮುಚ್ಚಿದ್ದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಕೋವಿ ಏಕೆ ಒದೆಯುತ್ತದೆ ಎಂಬುದನ್ನು ನಾನು ತಿಳಿದದ್ದು ಅನೇಕ ವರ್ಷಗಳ ಮೇಲೆ. ಕಾರಣವನ್ನು ನ್ಯೂಟನ್ 1687ರಲ್ಲೇ ಹೇಳಿದ್ದ: ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯುಂಟು. ಚರೆ ಮುಂದೆ ಹೋದರೆ ಕೋವಿ ಹಿಂದೆ ಬರಲೇಬೇಕು. ಎಷ್ಟು ವೇಗದಿಂದ ಬರುತ್ತದೆ? ಲೆಕ್ಕ ಸುಲಭ. ಹನ್ನೆರಡು ಬೋರಿನ ಸಾಧಾರಣ ತೋಟಾದಲ್ಲಿ ಸುಮಾರು 32 ಗ್ರಾಂ ಚರೆಯಿರುತ್ತದೆ. ಅದು ಸೆಕೆಂಡಿಗೆ ಸುಮಾರು 365 ಮೀಟರ್ ವೇಗದಲ್ಲಿ ಹೊರಡುತ್ತದೆ. ಕೋವಿಯ ತೂಕ 3 ಕಿಲೋ ಎಂದಿಟ್ಟುಕೊಂಡರೆ, ಚರೆಯೊಂದರಿಂದಲೇ ಅದು ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ. ಸಿಡಿಮದ್ದಿನ ಅನಿಲದ ಪಾಲು ಇದರ ಮೇಲೆ. ಇದನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. ಆ ಕೋವಿಯನ್ನು ಮುಕ್ಕಾಲು ಮೀಟರಿಗೂ ಹೆಚ್ಚು ಎತ್ತರದಿಂದ, ಹಿಡಿ ಕೆಳಗಾಗಿ, ನಿಮ್ಮ ಭುಜದ ಮೇಲೆ ಬೀಳಿಸಿದಂತೆ. ಇದೇ ಲೆಕ್ಕವನ್ನು ಅಷ್ಟೇ ತೂಕದ 0.22 ರೈಫಲಿಗೆ ಮಾಡಿ ನೋಡಿ. ಅದರ ಗುಂಡು ಎರಡೂವರೆ ಗ್ರಾಮಿಗೆ ತುಸು ಹೆಚ್ಚು. ವೇಗ ಸುಮಾರು 330 ಮೀಟರ್. ಆ ರೈಫಲಿನ ಒದೆತ ನಾಲ್ಕು ಮಿಲಿಮೀಟರ್ ಎತ್ತರದಿಂದ ಬಿದ್ದಷ್ಟು. ಎಂದರೆ ಒಂದು ಭತ್ತದ ಕಾಳಿನ ಅರ್ಧದಷ್ಟು ಎತ್ತರ!

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಗುಂಡು ನಳಿಗೆಯಿಂದ ಹೊರಬೀಳಲು ಸೆಕೆಂಡಿನ ಸಾವಿರದ ಕೆಲವೇ ಭಾಗಗಳು ಸಾಕು. ಭುಜಕ್ಕೆ ಪೆಟ್ಟು ತಿಳಿಯುವ ಹೊತ್ತಿಗೆ ಗುಂಡು ಹೊರಟುಹೋಗಿರುತ್ತದೆ. ಹಾಗಾದರೆ ಹುಡುಗನ ಗುರಿ ತಪ್ಪುವುದೇಕೆ? ಹಿಂದಿನ ಪೆಟ್ಟಿನ ನೆನಪಿನಿಂದ. ಈಡು ಹಾರುವ ಮೊದಲೇ ಮೈ ಬಿಗಿಯುತ್ತದೆ, ರೆಪ್ಪೆ ಮುಚ್ಚುತ್ತದೆ, ಕೈ ನಳಿಗೆಯನ್ನು ಕೆಳಕ್ಕೆ ಒತ್ತುತ್ತದೆ. ಇದು ಹೇಡಿತನವಲ್ಲ, ಬಿಸಿ ಪಾತ್ರೆ ಮುಟ್ಟಿದ ಮಗು ಮತ್ತೆ ಆ ಪಾತ್ರೆಯನ್ನು ಕಂಡೊಡನೆ ಕೈ ಹಿಂದೆಗೆಯುವಂಥದೇ ಇದು.

ಇದನ್ನು ನನಗೆ ಕಲಿಸಿದವರು ಮೈಸೂರಿನಲ್ಲಿ ನಮ್ಮ ಎನ್.ಸಿ.ಸಿ. ತರಬೇತಿಗೆ ಬರುತ್ತಿದ್ದ ಒಬ್ಬ ಸುಬೇದಾರರು. 1963ರಿಂದ 1968ರವರೆಗೆ ಕಾಲೇಜು ಹುಡುಗರಿಗೆ ಎನ್.ಸಿ.ಸಿ. ಕಡ್ಡಾಯವಾಗಿದ್ದ ಕಾಲ ಅದು. ಅಲ್ಲಿದ್ದುದು 0.22 ರೈಫಲು. ಒದೆತವೇ ಇಲ್ಲದ ಆ ರೈಫಲನ್ನು ಹಿಡಿದೂ ನನ್ನ ಗುಂಡುಗಳು ಗುರಿಯ ಕೆಳಗೇ ಬೀಳುತ್ತಿದ್ದವು. ಸುಬೇದಾರರು ಏನೂ ಹೇಳದೆ ನನ್ನ ರೈಫಲಿಗೆ ತಾವೇ ತೋಟಾ ತುಂಬತೊಡಗಿದರು. ಮೂರನೆಯದೋ ನಾಲ್ಕನೆಯದೋ ತುಂಬುವಾಗ, ನನಗೆ ಕಾಣದಂತೆ, ಹಾರಿಸಿ ಉಳಿದ ಖಾಲಿ ತೋಟಾವನ್ನು ಇಟ್ಟರು. ನಾನು ಟ್ರಿಗರ್ ಎಳೆದೆ. ‘ಟಕ್’ ಎಂದಷ್ಟೇ ಸದ್ದು. ಆದರೆ ನಳಿಗೆ ಎರಡು ಅಂಗುಲ ಕೆಳಗೆ ಕುಸಿದದ್ದನ್ನು ನಾನೇ ಕಂಡೆ. ಇಲ್ಲದ ಏಟಿಗೆ ನನ್ನ ಮೈ ಹೆದರಿತ್ತು. “ಮೊದಲ ಕೋವಿ ದೊಡ್ಡದಿತ್ತೇ?” ಎಂದು ಸುಬೇದಾರರು ಕೇಳಿದರು. ಹೌದೆಂದೆ. ನನ್ನ ಆ ಅಳುಕು ಬಿಡಲು ಒಂದು ಚಳಿಗಾಲವೇ ಹಿಡಿಯಿತು.

ಈಗ ನನ್ನ ಮಗಳ ಪ್ರಶ್ನೆಗೆ ಬರೋಣ. ಮಕ್ಕಳಿಗೆ ಕೋವಿ ಆರಿಸುವಾಗ ದೊಡ್ಡವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು, ಅತಿ ಹಗುರವಾದುದನ್ನು ಆರಿಸುವುದು. ಮಗು ಹೊರಬೇಕಲ್ಲ ಎಂಬ ಕರುಣೆ. ಆದರೆ ಅದೇ ತೋಟಾ ಹಾಕಿದಾಗ ಕೋವಿಯ ತೂಕ ಅರ್ಧವಾದರೆ ಒದೆತದ ಶಕ್ತಿ ಇಮ್ಮಡಿಯಾಗುತ್ತದೆ. ಹೊರಲು ಹಗುರವಾದದ್ದು ಭುಜಕ್ಕೆ ಭಾರ. ಆದ್ದರಿಂದ ತಿಳಿದವರು ಮೊದಲು ತೋಟಾವನ್ನು ಚಿಕ್ಕದು ಮಾಡುತ್ತಾರೆ. ಕೋವಿಗೆ ಕೊಂಚ ತೂಕವನ್ನು ಉಳಿಸಿ, ನಡೆಯುವಾಗ ಅದನ್ನು ತಾವು ಹೊರುತ್ತಾರೆ.

ಎರಡನೆಯದು ಅಳತೆ. ಅಪ್ಪನ ಅಂಗಿಯನ್ನು ಮಗನಿಗೆ ತೊಡಿಸಬಹುದು. ಅಪ್ಪನ ಕೋವಿಯನ್ನು ಹಾಗೆ ಕೊಡಲಾಗದು. ಹಿಡಿ ಉದ್ದವಾದರೆ ಮಗು ಹಿಂದಕ್ಕೆ ಬಾಗಿ, ಹಿಡಿಯನ್ನು ಭುಜದ ಬದಲು ತೋಳಿಗೆ ಆನಿಸುತ್ತದೆ. ಆಗ ಸಣ್ಣ ಒದೆತವೂ ನೋಯಿಸುತ್ತದೆ. ಹಿಡಿಯನ್ನು ಕತ್ತರಿಸಿ ಗಿಡ್ಡ ಮಾಡಬಹುದು. ಅದರ ತುದಿಗೆ ಮೆತ್ತನೆಯ ರಬ್ಬರಿನ ದಿಂಬು ಜೋಡಿಸಿದರೆ ಅದೇ ಪೆಟ್ಟು ಹೆಚ್ಚು ಕಾಲಕ್ಕೆ ಹಂಚಿಹೋಗಿ ತಿವಿತದ ಬದಲು ತಳ್ಳಿದಂತಾಗುತ್ತದೆ. ಮೂರನೆಯದು ಕಿವಿ. ಹೆದರಿಕೆಯ ಅರ್ಧಪಾಲು ಸದ್ದಿನದು. ಕಿವಿಗೆ ರಕ್ಷೆಯಿಲ್ಲದೆ ಮಗುವಿನ ಕೈಯಲ್ಲಿ ಒಂದು ಈಡನ್ನೂ ಹಾರಿಸಬಾರದು. ಕೆಟ್ಟ ಕಿವಿ ಮತ್ತೆ ಬರುವುದಿಲ್ಲ.

ಇನ್ನು ತೋಟಾ. ಕಲಿಕೆಗೆ 0.22 ಸಾಕು, ಸಾವಿರ ಗುಂಡು ಹಾರಿಸಿದರೂ ಮೈ ನೋಯದು. ಆದರೆ ಜಿಂಕೆಗೆ ಅದು ಸಾಲದು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 0.22ರ ಚಿಕ್ಕ ತೋಟಾದಿಂದ ಜಿಂಕೆಯನ್ನು ಹೊಡೆಯುವುದು ಕಾನೂನಿಗೆ ವಿರುದ್ಧ. ಅಲ್ಲಿನ ದೊಡ್ಡವರು ಬಹುಕಾಲದಿಂದ ಮೆಚ್ಚಿರುವುದು 30-06 ಎಂಬ ತೋಟಾ. ಅದರ 06 ಎಂದರೆ 1906ನೆಯ ಇಸವಿ. ಅದರ ಒದೆತ ನಮ್ಮ ಹನ್ನೆರಡು ಬೋರಿಗೆ ಸಮೀಪದ್ದು. 1955ರಲ್ಲಿ ಬಂದ 0.243 ವಿಂಚೆಸ್ಟರಿನ ಒದೆತದ ಶಕ್ತಿ ಅದರ ಅರ್ಧಕ್ಕಿಂತ ತುಸು ಕಡಿಮೆ. ಆದರೂ ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆಯನ್ನು ನರಳಿಸದೆ ಕೊಲ್ಲಬಲ್ಲದು. ಅಲ್ಲಿ ಅನೇಕ ಮಕ್ಕಳು ಅದರಿಂದಲೇ ಆರಂಭಿಸುತ್ತಾರೆ. ಒದೆತ ಕಡಿಮೆಯಾದಷ್ಟೂ ಒಳ್ಳೆಯದೆಂದು ಇಳಿಯುತ್ತ ಹೋಗುವಂತಿಲ್ಲ. ಹಕ್ಕಿ ಬೇಟೆಗೆ ಮಕ್ಕಳ ಕೋವಿಯೆಂದು 410 ಬೋರನ್ನು ಕೊಡುವುದುಂಟು. ಒದೆತವೇನೋ ಅಲ್ಪ, ಆದರೆ ಚರೆಯೂ ಅಲ್ಪ. ಪಳಗಿದವನಿಗೇ ಕಷ್ಟವಾದ ಕೋವಿಯದು. ಹೊಸಬನ ಕೈಯಲ್ಲಿ ಹಕ್ಕಿ ಸಾಯದೆ ಗಾಯಗೊಳ್ಳುತ್ತದೆ. ಒಂದು ಕಡೆ ಮಗುವಿನ ಭುಜ, ಇನ್ನೊಂದು ಕಡೆ ಪ್ರಾಣಿಯ ನೋವು. ಇವೆರಡನ್ನೂ ತೂಗಿ ಆರಿಸಬೇಕು.

ಅಮೆರಿಕದಲ್ಲಿ ಈ ಶಿಕ್ಷಣಕ್ಕೆ ಒಂದು ವ್ಯವಸ್ಥೆಯುಂಟು. ಎಳೆಯ ಬೇಟೆಗಾರರಿಗೆ ತರಬೇತಿಯನ್ನು ನ್ಯೂಯಾರ್ಕ್ ರಾಜ್ಯ 1949ರಲ್ಲಿ ಕಡ್ಡಾಯ ಮಾಡಿತು; ಕ್ರಮೇಣ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಯಾವ ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸು. ನಳಿಗೆಯನ್ನು ಯಾರತ್ತಲೂ ತಿರುಗಿಸಬೇಡ. ಗುರಿ ನಿಶ್ಚಯವಾಗುವವರೆಗೆ ಟ್ರಿಗರಿಗೆ ಬೆರಳು ಇಡಬೇಡ. ಗುರಿಯನ್ನೂ ಅದರ ಹಿಂದೆ ಇರುವುದನ್ನೂ ತಿಳಿದುಕೋ. ಇವು ಅಲ್ಲಿನ ಮೊದಲ ಪಾಠಗಳು. ಪೆನ್ಸಿಲ್ವೇನಿಯಾದಲ್ಲಿ ಹನ್ನೆರಡು ತುಂಬದ ಮಕ್ಕಳಿಗಾಗಿ 2006ರಲ್ಲಿ ಒಂದು ಏರ್ಪಾಡು ಬಂದಿತು. ಮಗುವಿನ ಜೊತೆ ಅನುಭವಿಯಾದ ಹಿರಿಯರು ಇರಬೇಕು. ಇಬ್ಬರಿಗೂ ಸೇರಿ ಒಂದೇ ಕೋವಿ. ನಡೆಯುವಾಗ ಅದು ಹಿರಿಯರ ಕೈಯಲ್ಲಿ. ಮಗು ಒಂದೆಡೆ ನಿಂತಾಗ ಮಾತ್ರ ಮಗುವಿನ ಕೈಗೆ, ಅದೂ ಹಿರಿಯರ ಕೈಯಳತೆಯೊಳಗೆ. ನನ್ನನ್ನು ಮರದ ಮರೆಯಲ್ಲಿ ಒಬ್ಬನನ್ನೇ ನಿಲ್ಲಿಸಿದ್ದರೆಂಬುದು ಇದನ್ನು ಓದಿದಾಗ ನೆನಪಾಯಿತು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಬೇಟೆಯ ಕಾಲ ಮುಗಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಆದರೆ ಅದು ಕೋವಿಯನ್ನು ಇರಿಸಿಕೊಳ್ಳುವ ವಿನಾಯಿತಿಯೇ ಹೊರತು ಬೇಟೆಯ ಹಕ್ಕಲ್ಲ. ಮುಗಿದದ್ದಕ್ಕೆ ನನಗೆ ವ್ಯಥೆಯಿಲ್ಲ. ನಮ್ಮ ಕಾಡುಗಳಲ್ಲಿ ಪ್ರಾಣಿಗಳು ಉಳಿಯಬೇಕಾದರೆ ಅದು ಆಗಲೇಬೇಕಿತ್ತು. ಪೆನ್ಸಿಲ್ವೇನಿಯಾದ ಸ್ಥಿತಿ ಬೇರೆ. ಅಲ್ಲಿ ತೋಳಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಅಳಿದವು. ಜಿಂಕೆಗಳು ಹೆಚ್ಚಿದರೆ ಎಳೆಯ ಗಿಡಗಳನ್ನೆಲ್ಲ ಮೇದು ಕಾಡು ಬೆಳೆಯಗೊಡುವುದಿಲ್ಲ. ಆದ್ದರಿಂದ ನಮ್ಮ ನ್ಯಾಯವನ್ನು ಅಲ್ಲಿ ಹಾಗೆಯೇ ಹೇರಲಾರೆ. ಆದರೆ ಕೋವಿ ಹಿಡಿದ ಮಗುವಿನ ಮನಸ್ಸು ಎರಡು ಕಡೆಯೂ ಒಂದೇ. ಕೊಡಗಿನ ಮಕ್ಕಳು ಈಗ ಗುರಿಯಿಡುವುದು ತೆಂಗಿನಕಾಯಿಗೆ, ಏರ್ ರೈಫಲಿನಿಂದ ಕಾಗದದ ವೃತ್ತಕ್ಕೆ. ಅಲ್ಲಿಯೂ ಮೊದಲ ಈಡಿಗೆ ಹನ್ನೆರಡು ಬೋರನ್ನು ಕೊಟ್ಟು ನಗುವ ದೊಡ್ಡವರು ಇಲ್ಲದಿರಲಿ ಎಂಬುದೇ ನನ್ನ ಆಸೆ.

ಮರುದಿನ ಮಗಳಿಗೆ ಹೇಳಿದೆ: “ಈ ವರ್ಷ ಅವನು ಕೋವಿಯಿಲ್ಲದೆ ಜೊತೆಗೆ ಹೋಗಲಿ. ಚಳಿಯಲ್ಲಿ ಸದ್ದಿಲ್ಲದೆ ಕುಳಿತಿರಲಿ. ಜಿಂಕೆ ಬಿದ್ದರೆ ಅದನ್ನು ಹಸನು ಮಾಡುವುದನ್ನೂ ನೋಡಲಿ. ಆಮೇಲೂ ಅವನಿಗೆ ಮನಸ್ಸಿದ್ದರೆ ಬೇಸಗೆಯೆಲ್ಲ 0.22ರಲ್ಲಿ ಕಾಗದಕ್ಕೆ ಹೊಡೆಯಲಿ. ನೆರೆಯವರಿಗೆ ಖಾಲಿ ತೋಟಾದ ಪರೀಕ್ಷೆ ಗೊತ್ತಿರುತ್ತದೆ, ಮಾಡಲು ಹೇಳು. ನಳಿಗೆ ಕುಸಿದರೆ ಯಾರೂ ನಗಬಾರದು. ಹೆದರಿಕೆಯಾಯಿತು ಎಂದು ಅವನು ಬಾಯಿಬಿಟ್ಟು ಹೇಳುವಂತಿರಬೇಕು. ಅದು ಮುಖ್ಯ.”

“ಯಾಕಪ್ಪ, ಅದೇ ಯಾಕೆ ಮುಖ್ಯ?” ಎಂದಳು. ಆಗ ಕಾಡುಕುರಿಯ ಕಥೆಯನ್ನು ಹೇಳಿದೆ; ಕಣ್ಣು ಮುಚ್ಚಿದ್ದನ್ನೂ ಹೇಳಿದೆ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರಿಗೆ ಹೇಳದೇ ಉಳಿದ ಮಾತು ಅದು. ಮೊಮ್ಮಗನೂ ಅಲ್ಲೇ ಕುಳಿತು ಕೇಳುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನ ದನಿ ಬಂದಿತು: “ಅಜ್ಜ, ಮರುದಿನ ಹುಡುಕಿದಿರಾ?”

ಹುಡುಕಲಿಲ್ಲ ಎಂದೆ. ಮರುದಿನ ನನಗೆ ಶಾಲೆಯಿತ್ತು.