ಗೋಲು ತಡೆಯುವವಳ ಹೆಸರು

ಕಳೆದ ತಿಂಗಳು ಚಿಮ್ಮಡಕ್ಕೆ ಹೋಗಿದ್ದಾಗ ಪರಿಚಯದ ನೇಕಾರರೊಬ್ಬರ ಮನೆಯಲ್ಲಿ ಒಂದು ಸಂಜೆ ಕಳೆಯುವ ಸಂದರ್ಭ ನಮಗೆ ಒದಗಿಬಂದಿತು. ಮಗ್ಗಗಳ ಸದ್ದು ನಿಂತ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಾಗ ಮನೆಯ ಯಜಮಾನರು ಒಂದು ಅರ್ಜಿ ನಮೂನೆಯನ್ನು ತಂದು ನಮ್ಮ ಮುಂದಿಟ್ಟರು. ಎಂಟನೆಯ ಇಯತ್ತೆಯಲ್ಲಿ ಓದುತ್ತಿರುವ ಮಗಳನ್ನು ಕ್ರೀಡಾ ವಸತಿ ನಿಲಯಕ್ಕೆ ಕಳಿಸಬೇಕೆಂದು ಶಾಲೆಯ ಗುರುಗಳು ಒತ್ತಾಯಿಸಿದ್ದಾರೆ. ಆಟ ಯಾವುದೆಂದರೆ ಖೋಖೋ ಅಲ್ಲ, ಕಬಡ್ಡಿಯೂ ಅಲ್ಲ, ಫುಟ್‌ಬಾಲ್. ತಂದೆಗಿದ್ದ ಅಳುಕು ಬೇರೆಯೇ ಆಗಿತ್ತು. "ನಮ್ಮ ಹುಡುಗಿ ಗೋಲ ಹೊಡ್ಯಾಕಿ ಅಲ್ರಿ, ತಡ್ಯಾಕಿ ಅಂತ. ತಡ್ಯಾವ್ರ ಹೆಸರ ಪೇಪರ್‌ದಾಗ ಬರ್ತೈತೇನ್ರಿ?" ಎಂದು ಅವರು ಕೇಳಿದರು. ಒಳಮನೆಯಿಂದ ತಾಯಿ, "ಹೆಸರ ಇರ್ಲಿ, ಕಾಲ ಮುರದ್ರ ಯಾರ ನೋಡವ್ರ?" ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಅಂದು ನಾವು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಓದುಗರ ಮುಂದಿಡುತ್ತಿದ್ದೇವೆ. ಇಂಥ ಅರ್ಜಿ ನಮೂನೆ ನಾಳೆ ಮತ್ತೊಂದು ಮನೆಗೂ ಬರಬಹುದು.

ಫುಟ್‌ಬಾಲಿನಲ್ಲಿ ಒಂದು ಪಕ್ಷಕ್ಕೆ ಹನ್ನೊಂದು ಜನ. ಗೋಲು ಕಾಯುವವಳೊಬ್ಬಳ ಮುಂದೆ ಸಾಮಾನ್ಯವಾಗಿ ನಾಲ್ವರು ಸಾಲಾಗಿ ನಿಲ್ಲುತ್ತಾರೆ. ಇವರೇ ಡಿಫೆಂಡರುಗಳು, ರಕ್ಷಣಾ ಆಟಗಾರ್ತಿಯರು. ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವುದು ಅವರ ಕೆಲಸವೆಂದು ನೋಡುವವರು ತಿಳಿಯುತ್ತಾರೆ. ಅದು ಅರ್ಧ ಸತ್ಯ. ಚೆಂಡು ಎಲ್ಲಿಗೆ ಬರಲಿದೆಯೆಂಬುದನ್ನು ಮೊದಲೇ ಅರಿತು ಅಲ್ಲಿ ನಿಂತಿರುವುದೇ ಅವರ ನಿಜವಾದ ಕೆಲಸ. ಆಫ್‌ಸೈಡ್ ಎಂಬ ನಿಯಮದ ದೆಸೆಯಿಂದ ನಾಲ್ವರೂ ಒಂದೇ ಗೆರೆಯಲ್ಲಿ ಹಿಂದೆಮುಂದೆ ಸರಿಯಬೇಕು. ಒಬ್ಬಳು ಎರಡು ಹೆಜ್ಜೆ ತಡಮಾಡಿದರೂ ಎದುರಾಳಿಗೆ ದಾರಿ ತೆರೆದಂತೆಯೇ. ಕಬಡ್ಡಿಯಲ್ಲಿ ಕೈಕೈ ಹಿಡಿದು ದಾಳಿಗಾರನನ್ನು ಸುತ್ತುವರಿಯುವವರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಾಳಿ ಮಾಡುವವಳ ತಪ್ಪು ಮರುಕ್ಷಣವೇ ಮರೆತುಹೋಗುತ್ತದೆ, ತಡೆಯುವವಳ ತಪ್ಪು ಫಲಕದ ಮೇಲೆ ಅಂಕಿಯಾಗಿ ನಿಲ್ಲುತ್ತದೆ.

ನೇಕಾರರ ಪ್ರಶ್ನೆ ಕೇಳಿದೊಡನೆ ನಮಗೆ ನೆನಪಾದವರು ದೂರದ ಮಣಿಪುರದ ಲೊಯ್ತೊಂಗ್‌ಬಮ್ ಆಶಾಲತಾ ದೇವಿ. ಲೊಯ್ತೊಂಗ್‌ಬಮ್ ಎಂಬುದು ಅವರ ಮನೆತನದ ಹೆಸರು, ನಮ್ಮಲ್ಲಿ ಅಡ್ಡಹೆಸರೆನ್ನುತ್ತೇವಲ್ಲ, ಹಾಗೆ. 1993ರಲ್ಲಿ ಹುಟ್ಟಿದವರು. ಅವರ ನಾಡಿನ ರಾಜಧಾನಿ ಇಂಫಾಲದಲ್ಲಿ ಇಮಾ ಕೈಥೇಲ್ ಎಂಬ ಪೇಟೆಯಿದೆ. ಅಲ್ಲಿ ಅಂಗಡಿ ಇಡುವವರೆಲ್ಲ ಹೆಂಗಸರು. ಹೆಣ್ಣುಮಕ್ಕಳು ಹೊರಗೆ ದುಡಿಯುವುದನ್ನು ಕಂಡೇ ಬೆಳೆಯುವ ನಾಡಿನಲ್ಲಿ ಅವರು ಮೈದಾನಕ್ಕಿಳಿಯುವುದೂ ಸುಲಭವಾಗಿರಬೇಕೆಂದು ನಮಗೆ ತೋರುತ್ತದೆ. 1991ರಲ್ಲಿ ಆರಂಭವಾದ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ಪಂದ್ಯಾವಳಿಯನ್ನು ಮಣಿಪುರ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ.

ಆಶಾಲತಾ ಅವರು ಹಿಂಬದಿ ಸಾಲಿನ ನಡುವೆ ನಿಲ್ಲುವವರು, ಬಹುಕಾಲ ಭಾರತ ತಂಡದ ನಾಯಕಿಯಾಗಿದ್ದವರು. 2019ರ ಮಾರ್ಚ್‌ನಲ್ಲಿ ನೇಪಾಳದ ವಿರಾಟನಗರದಲ್ಲಿ ನಡೆದ ದಕ್ಷಿಣ ಏಷ್ಯಾ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಅವರ ತಂಡ ಆತಿಥೇಯರನ್ನು 3-1ರಿಂದ ಸೋಲಿಸಿ ಐದನೆಯ ಬಾರಿ ಪ್ರಶಸ್ತಿ ಪಡೆಯಿತು. ಮುಂದಿನ ತಿಂಗಳೇ ಮ್ಯಾನ್ಮಾರಿನ ಮಂಡಾಲೆಯಲ್ಲಿ ಒಲಿಂಪಿಕ್ಸ್ ಅರ್ಹತೆಯ ಎರಡನೆಯ ಸುತ್ತು. ಇಂಡೋನೇಷ್ಯಾ, ನೇಪಾಳಗಳನ್ನು ಗೆದ್ದ ಭಾರತ ಕೊನೆಯ ಪಂದ್ಯದಲ್ಲಿ ಆತಿಥೇಯರೊಡನೆ 3-3ರ ಸಮಬಲ ಸಾಧಿಸಿತಾದರೂ ಮುಂದಕ್ಕೆ ಹೋಗಲಾಗಲಿಲ್ಲ. ಆ ವರ್ಷ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ದೇಶದ ಶ್ರೇಷ್ಠ ಆಟಗಾರ್ತಿಯೆಂದು ಆರಿಸಿದ್ದು ಆಶಾಲತಾ ಅವರನ್ನೇ. ಏಷ್ಯಾ ಖಂಡದ ವರ್ಷದ ಆಟಗಾರ್ತಿ ಪ್ರಶಸ್ತಿಗೆ ಅಂತಿಮವಾಗಿ ಉಳಿದ ಮೂವರಲ್ಲಿಯೂ ಅವರ ಹೆಸರಿತ್ತು. ಪ್ರಶಸ್ತಿ ಜಪಾನಿನ ಸಾಕಿ ಕುಮಾಗಾಯ್ ಅವರ ಪಾಲಾಯಿತು. ಗಮನಿಸಬೇಕಾದುದೆಂದರೆ ಕುಮಾಗಾಯ್ ಅವರೂ ತಡೆಯುವವರೇ. ಈ ಮಾತು ಕೇಳಿ ಚಿಮ್ಮಡದ ತಂದೆ ಮೊದಲ ಬಾರಿ ನಕ್ಕರು.

ಇನ್ನು ಹೇಳಬೇಕಾದುದು 2022ರ ಜನವರಿಯ ಸಂಗತಿ. ಏಷ್ಯಾ ಕಪ್ ಪಂದ್ಯಾವಳಿಯು 1980ರ ಕೋಳಿಕ್ಕೋಡಿನ ನಂತರ ನಮ್ಮ ದೇಶಕ್ಕೆ ಮರಳಿ ಬಂದಿತ್ತು. ಮುಂಬಯಿ, ನವಿ ಮುಂಬಯಿ, ಪುಣೆಗಳಲ್ಲಿ ಪಂದ್ಯಗಳು. ಇಲ್ಲಿ ಚೆನ್ನಾಗಿ ಆಡಿದವರಿಗೆ 2023ರ ವಿಶ್ವಕಪ್ಪಿನ ಬಾಗಿಲು ತೆರೆಯುತ್ತಿತ್ತು. ನಾಯಕಿ ಆಶಾಲತಾ. ಜನವರಿ 20ರಂದು ನವಿ ಮುಂಬಯಿಯಲ್ಲಿ ಇರಾನಿನೊಡನೆ ಮೊದಲ ಪಂದ್ಯ. ಭಾರತವೇ ಮೇಲುಗೈಯಾಗಿ ಆಡಿದರೂ ಗೋಲು ಬರಲಿಲ್ಲ, ಬಿಟ್ಟುಕೊಡಲೂ ಇಲ್ಲ, 0-0. ಎರಡನೆಯ ಪಂದ್ಯ 23ರಂದು ತೈವಾನಿನೊಡನೆ. ಆ ದಿನ ತಂಡದ ಹನ್ನೆರಡು ಮಂದಿಗೆ ಕೊರೋನಾ ಸೋಂಕು ತಗಲಿರುವುದು ಪರೀಕ್ಷೆಯಲ್ಲಿ ಕಂಡುಬಂದಿತು. ನಿಯಮದಂತೆ ಕನಿಷ್ಠ ಹದಿಮೂರು ಜನರ ಪಟ್ಟಿ ಕೊಡಬೇಕಿತ್ತು. ಕೊಡಲಾಗಲಿಲ್ಲ. ಪಂದ್ಯ ರದ್ದಾಯಿತು. ಮಾತ್ರವಲ್ಲ, ಭಾರತವು ಪಂದ್ಯಾವಳಿಯಿಂದಲೇ ಹಿಂದೆ ಸರಿದಂತೆ ಎಂದು ಏಷ್ಯಾ ಒಕ್ಕೂಟ ತೀರ್ಮಾನಿಸಿತು. ಇರಾನಿನೊಡನೆ ಆಡಿದ ಪಂದ್ಯವೂ ಲೆಕ್ಕದಿಂದ ಅಳಿಸಿಹೋಯಿತು.

ವಾಚಕರು ಇದನ್ನು ಒಂದು ಗಳಿಗೆ ಮನಸ್ಸಿಗೆ ತಂದುಕೊಳ್ಳಬೇಕು. ವರ್ಷಗಟ್ಟಲೆ ಮನೆ ಬಿಟ್ಟು ಶಿಬಿರಗಳಲ್ಲಿ ಕಳೆದವರು, ತಮ್ಮ ನೆಲದಲ್ಲಿ, ಒಂದೂ ಪಂದ್ಯ ಸೋಲದೆ, ಒಂದೂ ಗೋಲು ಬಿಡದೆ ಹೊರಬಿದ್ದರು. ತಡೆಯುವುದನ್ನೇ ಬದುಕಾಗಿಸಿಕೊಂಡ ನಾಯಕಿಗೆ ತಡೆಯಲಾಗದ್ದು ಬಂದದ್ದು ಎದುರಾಳಿಯ ಕಾಲಿನಿಂದಲ್ಲ. ಸೋತಿದ್ದರೆ ತಪ್ಪು ಎಲ್ಲಾಯಿತೆಂದು ಹುಡುಕಬಹುದಿತ್ತು. ಇಲ್ಲಿ ಹುಡುಕುವುದೇನನ್ನು?

ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೊಂದು ಪೆಟ್ಟು. ಆಶಾಲತಾ ಆಡುತ್ತಿದ್ದ ಕೇರಳದ ಗೋಕುಲಂ ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಬಂದಿಳಿಯುವ ಹೊತ್ತಿಗೇ, ನಮ್ಮ ಒಕ್ಕೂಟದ ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವಿದೆಯೆಂದು ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಭಾರತವನ್ನು ಅಮಾನತುಗೊಳಿಸಿತು. ಕುರ್ಚಿಗಳ ಜಗಳಕ್ಕೆ ದಂಡ ತೆತ್ತವರು ಈ ಹೆಣ್ಣುಮಕ್ಕಳು. ಆಗಸ್ಟ್ 26ರಂದು ಅಮಾನತು ತೆರವಾಯಿತು. ಆ ಹೊತ್ತಿಗೆ ಅವರ ಪಂದ್ಯದ ದಿನ ಕಳೆದುಹೋಗಿತ್ತು. ಸೆಪ್ಟೆಂಬರಿನಲ್ಲಿ ಕಠ್ಮಂಡುವಿನ ದಕ್ಷಿಣ ಏಷ್ಯಾ ಪಂದ್ಯಾವಳಿಯ ಉಪಾಂತ್ಯದಲ್ಲಿ ಭಾರತ ನೇಪಾಳಕ್ಕೆ 0-1ರಿಂದ ಸೋತಿತು. ಅಲ್ಲಿಯವರೆಗಿನ ಐದೂ ಸಲ ಗೆದ್ದ ಪ್ರಶಸ್ತಿ ಕೈತಪ್ಪಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿಯೇ ನಡೆದ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್ಪನ್ನೂ ಇಲ್ಲಿ ನೆನೆಯಬೇಕು. ಭಾರತದ ನಾಯಕಿ ಝಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯ ಅಷ್ಟಮ್ ಉರಾಂವ್. ಅವಳೂ ರಕ್ಷಣಾ ಆಟಗಾರ್ತಿ. ಮಗಳ ಗೌರವಾರ್ಥ ಊರಿಗೆ ರಸ್ತೆ ಮಾಡಿಸಲು ಜಿಲ್ಲಾಡಳಿತ ಹೊರಟಾಗ, ಅದೇ ರಸ್ತೆಯ ಕೆಲಸಕ್ಕೆ ದಿನಗೂಲಿಗಳಾಗಿ ಹೋದವರಲ್ಲಿ ಅವಳ ತಂದೆತಾಯಿಗಳೂ ಇದ್ದರು! ಪಂದ್ಯಗಳಲ್ಲಿ ಭಾರತ ಅಮೆರಿಕಕ್ಕೆ 0-8, ಮೊರೊಕ್ಕೊಕ್ಕೆ 0-3, ಬ್ರೆಜಿಲ್‌ಗೆ 0-5ರಿಂದ ಸೋತಿತು. ಹದಿನಾರು ಗೋಲುಗಳು. ಪಟ್ಟಿಯಲ್ಲಿ ಆ ಅಂಕಿ ಮಾತ್ರ ಉಳಿದಿದೆ, ರಸ್ತೆಯ ಕಥೆ ಅಲ್ಲಿ ಕಾಣದು.

ಆಶಾಲತಾ ಅವರು ಆಟ ಬಿಡಲಿಲ್ಲ. 2024ರ ಅಕ್ಟೋಬರ್ 17ರಂದು ಕಠ್ಮಂಡುವಿನಲ್ಲಿ ಪಾಕಿಸ್ತಾನದೆದುರು ಆಡಿ, ನೂರು ಅಂತರರಾಷ್ಟ್ರೀಯ ಪಂದ್ಯಗಳನ್ನು ಪೂರೈಸಿದ ಮೊದಲ ಭಾರತೀಯ ಆಟಗಾರ್ತಿಯೆನಿಸಿದರು. ಆಗ ಅವರಿಗೆ ಮೂವತ್ತೊಂದು ವರ್ಷ. ಭಾರತ 5-2ರಿಂದ ಗೆದ್ದಿತು. 2025ರ ಜುಲೈನಲ್ಲಿ ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳ ಮೂಲಕ ಮೊದಲ ಬಾರಿ ಏಷ್ಯಾ ಕಪ್ಪಿಗೆ ಆಯ್ಕೆಯಾದರು. ಆ ಎರಡೂ ಗೋಲು ಹೊಡೆದವರು ಸಂಗೀತಾ ಬಾಸ್ಫೋರ್. ನಾಯಕಿ ಸ್ವೀಟಿ ದೇವಿ ಮಾತ್ರ ಹಿಂಬದಿ ಸಾಲಿನವರು, ಮಣಿಪುರದವರೇ.

ಇನ್ನು ಹೊಟ್ಟೆಪಾಡಿನ ಮಾತು. ಮಹಿಳೆಯರ ರಾಷ್ಟ್ರೀಯ ಲೀಗ್ ಆರಂಭವಾದದ್ದು 2017ರಲ್ಲಿ. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಮೇ ತಿಂಗಳಲ್ಲಿ ಅಹಮದಾಬಾದಿನ ಅಂತಿಮ ಪಂದ್ಯದವರೆಗೆ ಬಂದು ಗೋಕುಲಂಗೆ 0-5ರಿಂದ ಸೋತಿತು. ಸೋತರೂ ಕರ್ನಾಟಕದ ತಂಡವೊಂದು ಅಲ್ಲಿಯವರೆಗೆ ಹೋದದ್ದು ಸಣ್ಣ ಸಂಗತಿಯಲ್ಲ. ಅದೇ ವರ್ಷ, ಲೀಗಿನ ಪ್ರತಿ ತಂಡವೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದಂತೆ ಕೊಡಬೇಕೆಂದು ಒಕ್ಕೂಟ ತೀರ್ಮಾನಿಸಿತು. ತಿಂಗಳಿಗೆ ಇಪ್ಪತ್ತಾರು ಸಾವಿರದಷ್ಟಾಯಿತು. ಇದರಲ್ಲಿ ಸಂಸಾರ ನಡೆದೀತು, ಮುಪ್ಪಿಗೆ ಉಳಿಯದು. ಆದ್ದರಿಂದಲೇ ರೈಲ್ವೆ, ಪೊಲೀಸ್ ಇಲಾಖೆಗಳ ನೌಕರಿಗೆ ಆಟಗಾರ್ತಿಯರು ಆಸೆಪಡುತ್ತಾರೆ. ಓದನ್ನು ಬಿಡದಿರಲೆಂದು ನಾವು ಹೇಳುವುದೂ ಅದಕ್ಕೇ.

ತಾಯಿ ಕೇಳಿದ ಕಾಲಿನ ಪ್ರಶ್ನೆಯನ್ನು ನಾವು ತೇಲಿಸಲಿಲ್ಲ. ಓಡುತ್ತ ಗಕ್ಕನೆ ನಿಂತು ತಿರುಗುವ ಆಟಗಳಲ್ಲಿ ಮೊಣಕಾಲಿನೊಳಗಿನ ಕಟ್ಟು ಹರಿಯುವುದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು. ಹರಿದರೆ ಶಸ್ತ್ರಚಿಕಿತ್ಸೆ, ಮುಂದೆ ಒಂಬತ್ತು ತಿಂಗಳೋ ವರ್ಷವೋ ಮೈದಾನದ ಹೊರಗೆ. ತೊಡೆ, ಸೊಂಟಗಳ ಬಲ ಹೆಚ್ಚಿಸುವ ವ್ಯಾಯಾಮವನ್ನೂ, ಜಿಗಿದು ಸರಿಯಾಗಿ ನೆಲಕ್ಕಿಳಿಯುವುದನ್ನೂ ಎಳೆಯ ವಯಸ್ಸಿನಲ್ಲೇ ಕಲಿಸಿದರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ವಸತಿ ನಿಲಯದಲ್ಲಿ ಇದನ್ನು ಕಲಿಸುವವರಿದ್ದಾರೆಯೇ, ಪೆಟ್ಟಾದರೆ ಖರ್ಚು ಯಾರದು, ವಾರಕ್ಕೊಮ್ಮೆಯಾದರೂ ಮಗಳೊಡನೆ ಮಾತಾಡಲು ಬಿಡುತ್ತಾರೆಯೇ: ಈ ಮೂರನ್ನು ಕೇಳದೆ ಸಹಿ ಹಾಕಬಾರದೆಂದು ತಿಳಿಸಿದೆವು. ತಾಯಿ ಹೊರಗೆ ಬಂದು ಕಂಬಕ್ಕೊರಗಿ ನಿಂತು, ಮೂರನ್ನೂ ಮತ್ತೊಮ್ಮೆ ಹೇಳಿಸಿಕೊಂಡರು.

ಹುಡುಗಿ ಅಲ್ಲಿಯವರೆಗೂ ಮಾತಾಡಿರಲಿಲ್ಲ. ಹೊರಡುವಾಗ ನಾವೇ ಕೇಳಿದೆವು, ಗೋಲು ಹೊಡೆಯುವ ಆಸೆಯಿಲ್ಲವೇ ಎಂದು. "ಹೊಡ್ಯಾಕ ಭಾಳ ಮಂದಿ ಅದಾರ್ರಿ. ಹಿಂದ ನಿಂದ್ರಾಕ ಯಾರೂ ಒಲ್ಲೆ ಅಂತಾರ," ಎಂದಳು. ತಂದೆ ನಮೂನೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಸೋಮವಾರ ಶಾಲೆಗೆ ಹೋಗಿ ಗುರುಗಳನ್ನು ಕಂಡು ಬರುವುದಾಗಿ ಹೇಳಿದರು.