ಮುಖಕ್ಕೆ ಮೂರು ಬಗೆ ಮದ್ದು: ಬೆರಕೆ ಎಷ್ಟು ಅಂತ ಕೇಳಿದಿರಾ?

ಕಾಫಿ ಪುಡಿ ಅಂಗಡಿಗೆ ಹೋದವರು ಮೊದಲು ಕೇಳುವುದೇನು? ‘ಚಿಕೋರಿ ಎಷ್ಟು ಹಾಕ್ತೀರಿ ಸ್ವಾಮಿ?’ ಕಾಲು ಕೆಜಿ ಪುಡಿಗೆ ಇಷ್ಟು ವಿಚಾರಣೆ! ಆದರೆ ಸಾವಿರಾರು ರೂಪಾಯಿ ಎಣಿಸಿ, ಕೆನ್ನೆಗೊಂದು ತುಟಿಗೊಂದು ಸೂಜಿ ಚುಚ್ಚಿಸಿಕೊಂಡು ಬಂದವರನ್ನು ‘ಒಳಗೆ ಹೋಗಿದ್ದು ಯಾವ ಮದ್ದು?’ ಎಂದು ಕೇಳಿ ನೋಡಿ. ‘ಅದೇನೋ ಫಿಲ್ಲರ್ ಅಂತೆ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಸುಕ್ಕು ತುಂಬುವ ಈ ಇಂಜೆಕ್ಷನ್ ಈಗ ಸಿನಿಮಾದವರಿಗೆ ಮಾತ್ರ ಮೀಸಲಲ್ಲ. ಮಗಳ ಮದುವೆಗೆ ಛತ್ರ ಬುಕ್ ಮಾಡಿದ ಅಮ್ಮಂದಿರೂ, ಗಲ್ಲಾ ಪೆಟ್ಟಿಗೆ ಹಿಂದೆ ಕೂತ ಯಜಮಾನರೂ ವಿಚಾರಿಸುವ ಕಾಲ. ಒಂದೇ ಮುಖಕ್ಕೆ ಎರಡು ಮೂರು ಬಗೆಯ ಫಿಲ್ಲರ್ ಹಾಕುವುದೂ ರೂಢಿಗೆ ಬಂದಿದೆ.

ಬೆರಕೆ ಅಂದ ಮಾತ್ರಕ್ಕೆ ಮೋಸ ಎನ್ನುವಂತಿಲ್ಲ. ವಯಸ್ಸಾದಂತೆ ಮುಖದ ಮೂಳೆ ಸವೆಯುತ್ತದೆ, ಕೊಬ್ಬು ಕರಗುತ್ತದೆ, ಚರ್ಮ ತೆಳುವಾಗುತ್ತದೆ. ಮೂರು ರಿಪೇರಿಗೆ ಒಂದೇ ಸಾಮಾನು ಸಾಲದು.

ಮೊದಲನೆಯದು ಹಯಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನಲ್ಲಿ ಕಂಡುಹಿಡಿದ ವಸ್ತು. ನಮ್ಮ ಮೈಯಲ್ಲೂ ಇದೆ. ಮೆತ್ತನೆಯ ಜೆಲ್ ಆದ್ದರಿಂದ ತುಟಿಗೆ ಸರಿ. ಸುಮಾರು 6ರಿಂದ 18 ತಿಂಗಳು ಬಾಳುತ್ತದೆ. ಎರಡನೆಯದು ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ಮೂಳೆ ಹಲ್ಲುಗಳಲ್ಲಿರುವ ಖನಿಜದ ಜಾತಿಯದು. ಗಟ್ಟಿ ಸಾಮಾನು, ಕೆನ್ನೆ, ದವಡೆಗೆ ಸರಿ, ತುಟಿಗೆ ಕೂಡದು. ಮೂರನೆಯದು ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ, ತಾನೇ ಕರಗುವ ಹೊಲಿಗೆ ದಾರದ ಬಳಗ. ಇದು ಮೈಯಿಂದಲೇ ನಿಧಾನವಾಗಿ ಕೊಲಾಜೆನ್ ಬೆಳೆಸುತ್ತದೆ. ಹಲವು ಸಲ ಚುಚ್ಚಬೇಕು, ತಿಂಗಳುಗಟ್ಟಲೆ ಕಾಯಬೇಕು.

ಕಥೆ ಇರುವುದೇ ಇಲ್ಲಿ. ಮೊದಲನೆಯದು ಹೆಚ್ಚುಕಮ್ಮಿಯಾದರೆ ಹಯಲುರೊನಿಡೇಸ್ ಎಂಬ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಉಳಿದೆರಡನ್ನು ಹಾಗೆ ಕರಗಿಸುವ ಮದ್ದಿಲ್ಲ. ಎರಡನ್ನೂ ಒಂದೇ ಜಾಗಕ್ಕೆ ಚುಚ್ಚಿ, ನಾಳೆ ಗಂಟು ಎದ್ದರೆ, ಅದು ಯಾವುದರ ಗಂಟು? ಚೀಟಿ ಇಲ್ಲದಿದ್ದರೆ ಎರಡನೇ ಡಾಕ್ಟರಿಗೂ ಕತ್ತಲೆಯೇ.

ಅಪರೂಪವಾದರೂ ಇದಕ್ಕಿಂತ ಕೆಟ್ಟದ್ದುಂಟು. ಮದ್ದು ರಕ್ತನಾಳದೊಳಗೆ ಹೋದರೆ ರಕ್ತ ಕಟ್ಟಿ ಚರ್ಮ ಸಾಯುತ್ತದೆ. ಕಣ್ಣಿನ ನಾಳಕ್ಕೆ ಸೇರಿದರೆ ದೃಷ್ಟಿಯೇ ಹೋಗಬಹುದು. ಚರ್ಮ ಬಿಳಿಚಿಕೊಂಡರೆ, ನೀಲಿ ಮಚ್ಚೆ ಎದ್ದರೆ, ನೋವು ಮಿತಿಮೀರಿದರೆ, ಕಣ್ಣು ಮಂಜಾದರೆ ‘ಬೆಳಿಗ್ಗೆ ನೋಡೋಣ’ ಅನ್ನಬಾರದು. ತಕ್ಷಣ ಆಸ್ಪತ್ರೆಗೆ ಓಡಬೇಕು.

ಸೂಜಿಯಿಲ್ಲದ ‘ಪೆನ್’ನಿಂದ ಫಿಲ್ಲರ್ ಹಾಕುವುದರ ವಿರುದ್ಧ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2021ರಲ್ಲೇ ಎಚ್ಚರಿಸಿದೆ. ನಮ್ಮಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಕ್ಲಿನಿಕ್ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಗೋಡೆಯ ಮೇಲೆ ಕಾಣಬೇಕು. ಹುಬ್ಬು ತೀಡುವ ಕುರ್ಚಿ ಫಿಲ್ಲರ್ ಚುಚ್ಚುವ ಜಾಗವಲ್ಲ. ಅನುಮಾನ ಬಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಬಹುದು.

ಚುಚ್ಚಿಸಿಕೊಳ್ಳಲೇಬೇಕು ಅನ್ನುವವರು ನಾಲ್ಕು ಮಾತು ಕೇಳಲಿ. ಚುಚ್ಚುವವರು ಚರ್ಮರೋಗ ತಜ್ಞರೋ, ಪ್ಲಾಸ್ಟಿಕ್ ಸರ್ಜನ್ನೋ? ಎಲ್ಲೆಲ್ಲಿ ಯಾವ್ಯಾವ ಮದ್ದು? ಕರಗಿಸುವ ಇಂಜೆಕ್ಷನ್ ಕ್ಲಿನಿಕ್ಕಿನಲ್ಲೇ ಇದೆಯೇ? ಡಬ್ಬಿಯ ಹೆಸರು, ಲಾಟ್ ನಂಬರ್ ಬರೆದು ಕೊಡುತ್ತೀರಾ? ಉತ್ತರ ಕೊಡಲು ಮುಖ ಸಿಂಡರಿಸಿದರೆ ಎದ್ದು ಬರುವುದೇ ಲೇಸು.

ಪುಡಿ ಸರಿಯಿಲ್ಲದಿದ್ದರೆ ಚೆಲ್ಲಿ ಬೇರೆ ತರಬಹುದು. ಮುಖವನ್ನು?