ತಿದ್ದಿದ ವಾಟ್ಸಾಪನ್ನು ನಂಬುವ ಮೊದಲು

ವಾಟ್ಸಾಪಿನ ತಿದ್ದಿದ ಪ್ರತಿಗಳು ಪುಕ್ಕಟೆಯಾಗಿ ಕೈಯಿಂದ ಕೈಗೆ ಸಾಗುತ್ತಿವೆ. ಎದುರಿನವರು ಅಳಿಸಿದ ಸಂದೇಶವನ್ನೂ ಓದಬಹುದೆಂಬ ಆಸೆಯಿಂದ ಹಲವರು ಅವನ್ನು ಹಾಕಿಕೊಳ್ಳುತ್ತಾರೆ. ಊರಿಗೆ ಹಣ ಕಳುಹಿಸುವುದೂ ಅದೇ ಫೋನಿನಿಂದಲಾದ ಕಾರಣ ಮೊದಲೇ ಪರೀಕ್ಷಿಸುವುದು ಅವಶ್ಯ.

2021ರ ಆಗಸ್ಟಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯವರು ‘ಎಫ್‌ಎಂ ವಾಟ್ಸಾಪ್’ ಎಂಬ ಪ್ರತಿಯೊಳಗೆ ‘ಟ್ರಯಾಡಾ’ ಎಂಬ ಕಳ್ಳ ತಂತ್ರಾಂಶವನ್ನು ಕಂಡುಹಿಡಿದರು. ಎಸ್‌ಎಂಎಸ್ ಓದುವ ಅನುಮತಿಯ ಬಲದಿಂದ, ಫೋನಿನವನಿಗೆ ತಿಳಿಯದಂತೆ ಅವನನ್ನು ಹಣ ತೆರುವ ಚಂದಾಗಳಿಗೆ ಸೇರಿಸಲು ಅದರಿಂದ ಸಾಧ್ಯವಿತ್ತು. 2022ರಲ್ಲಿ ‘ಯೋ ವಾಟ್ಸಾಪ್’ ಖಾತೆಯ ಕೀಲಿಗಳನ್ನೇ ಹೊರಗೆ ಸಾಗಿಸುತ್ತಿದ್ದುದು ಬಯಲಾಯಿತು.

ಪ್ರತಿಯೊಂದು ಆಂಡ್ರಾಯ್ಡ್ ಆಪಿಗೂ ರಚಿಸಿದವರ ಗೂಢ ಮೊಹರು ಇರುತ್ತದೆ. ಒಳಗೆ ಒಂದಕ್ಷರ ತಿದ್ದಿದರೂ ಅದು ಒಡೆಯುತ್ತದೆ. ತಿದ್ದಿದವನು ತನ್ನ ಮೊಹರನ್ನೇ ಒತ್ತಬೇಕು. ಅಲ್ಲಿಂದ ಮುಂದೆ ನಾವು ನಂಬುವುದು ವಾಟ್ಸಾಪನ್ನಲ್ಲ, ಅವನನ್ನು.

ಅನಧಿಕೃತವಾದುದೆಲ್ಲ ಮೋಸವೆಂದಲ್ಲ. ಫೋನು ಕಂಪನಿಗಳಿಗೆ ಸೇರದ ‘ಲಿನೇಜ್ ಓಎಸ್’ ತನ್ನ ಮೂಲಬರಹವನ್ನು ಬಹಿರಂಗವಾಗಿಟ್ಟಿದೆ. ಬಲ್ಲವರು ಓದಿ ನೋಡಬಹುದು. ಮೊಹರನ್ನು ತಾಳೆ ನೋಡುವ ಕ್ರಮವನ್ನೂ ತಿಳಿಸಿದೆ.

ಆದ್ದರಿಂದ ಹೀಗೆ ಕೇಳಿಕೊಳ್ಳಿ: ರಚಿಸಿದವರು ಯಾರು? ಮೂಲಬರಹ ಬಹಿರಂಗವೇ? ಅವರ ಸ್ವಂತ ತಾಣದಿಂದಲೇ ಬಂದಿತೇ? ಕೆಲಸಕ್ಕೆ ಬೇಡದ ಅನುಮತಿಗಳನ್ನು ಕೇಳುತ್ತದೆಯೇ? ಗೆಳೆಯ ಕೊಟ್ಟನೆಂಬುದು ಪ್ರಮಾಣವಲ್ಲ. ಉತ್ತರ ಸಿಗದಿದ್ದರೆ ಬಿಡುವುದೇ ಲೇಸು. ಈಗಾಗಲೇ ಹಾಕಿಕೊಂಡವರು ಅದನ್ನು ತೆಗೆದು, ಪ್ಲೇ ಸ್ಟೋರಿನಿಂದ ಅಸಲನ್ನು ಹಾಕಿಕೊಂಡು, ಎರಡು ಹಂತದ ಪರಿಶೀಲನೆಯ ಗುಟ್ಟಿನ ಅಂಕೆಯನ್ನು ಹೊಸದಾಗಿ ಇಟ್ಟುಕೊಳ್ಳತಕ್ಕದ್ದು.